ಹೆಸರಿಲ್ಲದ ಪುಡಿ

ಕೋಪರಿಯ ನಮ್ಮ ಕಟ್ಟಡದ ಹಿಂದೆ, ಪಂಪಿನ ಕೋಣೆಗೆ ಒರಗಿದಂತೆ ಒಂದು ಬೇವಿನ ಮರವಿದೆ. ಅದಕ್ಕೆ ಹಬ್ಬಿಕೊಂಡ ಬಳ್ಳಿ ಬಹಳ ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2020ರ ಮಳೆಗಾಲದಲ್ಲಿ, ಲೋಕಲ್ ಗಾಡಿಗಳು ಜನಸಾಮಾನ್ಯರಿಗೆ ಇಲ್ಲವಾಗಿ ಠಾಣೆ ನಿಲ್ದಾಣದ ಪೂರ್ವದ ಬದಿ ಭಣಗುಟ್ಟುತ್ತಿದ್ದ ದಿನಗಳಲ್ಲಿ, ಅದು ಎಲ್ಲರಿಗೂ ಒಮ್ಮೆಲೇ ಕಂಡಿತು. ಮರಾಠಿ ನೆರೆಯವರು ಗುಳವೇಲ ಎಂದರು, ಎದುರು ಮನೆಯ ಸಿಂಧಿ ಅಜ್ಜಿ ಗಿಲೋಯ್ ಎಂದರು, ನಾನು ಅಮೃತಬಳ್ಳಿ ಎಂದೆ. ಮೂರೇ ತಿಂಗಳಲ್ಲಿ ಮರ ಬೋಳಾಯಿತು.

ಬಳ್ಳಿ ಕತ್ತರಿಸಿದವರಲ್ಲಿ ನಾನೂ ಒಬ್ಬಳು. ನನ್ನ ಅಜ್ಜ ಕುಂದಾಪುರದ ಕಡೆಯ ಒಂದು ಹಳ್ಳಿಯಲ್ಲಿ ಪಂಡಿತರೆಂದೇ ಹೆಸರಾದವರು. ಕಷಾಯದ ಘಾಟು, ಕಲ್ಲುಗುಂಡಿನ ಸದ್ದು, ಔಷಧಕ್ಕಾಗಿ ಜಗಲಿಯಲ್ಲಿ ಕಾದು ಕುಳಿತವರ ಕೆಮ್ಮು, ಇವುಗಳ ನಡುವೆ ಬೆಳೆದವಳಿಗೆ ಆಯುರ್ವೇದದ ಬಗ್ಗೆ ಅನುಮಾನ ಹುಟ್ಟುವುದು ಸುಲಭವಲ್ಲ. ಆದುದರಿಂದಲೇ ಈ ಬರಹ ನನಗೆ ಸ್ವಲ್ಪ ಕಷ್ಟದ್ದು.

ನಮ್ಮ ಯಜಮಾನರಿಗೆ ಈಗ 62. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಡೊಂಬಿವಲಿಯಲ್ಲಿರುವ ನಮ್ಮ ಭಾವ ಒಂದು ಭಾನುವಾರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂದು ಬಣ್ಣದ ಪುಡಿ ತಂದುಕೊಟ್ಟರು. ಡಬ್ಬಿಯ ಮೇಲೆ ಹೆಸರಿಲ್ಲ, ತಯಾರಿಸಿದವರ ವಿಳಾಸವಿಲ್ಲ, ತಾರೀಕಿಲ್ಲ. "ಗಿಡಮೂಲಿಕೆ ಮಾರಾಯರೇ, ಇದರಲ್ಲಿ ಸೈಡ್ ಇಫೆಕ್ಟ್ ಎಂಬುದೇ ಇಲ್ಲ. ಕಿಡ್ನಿ, ಲಿವರ್ ಎರಡನ್ನೂ ತೊಳೆದುಬಿಡುತ್ತದೆ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ತಾವೂ ಅದನ್ನೇ ಸೇವಿಸುತ್ತಿದ್ದರು.

ಮೂರು ವಾರದಲ್ಲಿ ಇವರ ಬರಿಹೊಟ್ಟೆಯ ಸಕ್ಕರೆ 180ರಿಂದ 96ಕ್ಕೆ ಇಳಿಯಿತು. ಮನೆಯಲ್ಲಿ ಹಬ್ಬದ ಸಂಭ್ರಮ. ಅಜ್ಜನ ವಿದ್ಯೆ ಕೊನೆಗೂ ಗೆದ್ದಿತೆಂದು ನಾನು ಒಳಗೊಳಗೇ ಬೀಗಿದೆ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಇವರು ಆ ಹೊತ್ತಿಗೆ ನಿಲ್ಲಿಸಿಯೇ ಬಿಟ್ಟಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಪ್ರತಿ ರಾತ್ರಿ ನನ್ನೆದುರು ನೀರಿನ ಲೋಟ ಎತ್ತುತ್ತಿದ್ದರು. ಮಾತ್ರೆ ಅಂಗಿಯ ಜೇಬಿಗೆ ಇಳಿಯುತ್ತಿತ್ತು. ನಲವತ್ತು ವರ್ಷದ ದಾಂಪತ್ಯದಲ್ಲಿ ಇವರು ನನ್ನಿಂದ ಮರೆಮಾಚಿದ ದೊಡ್ಡ ಸಂಗತಿ ಇದೊಂದೇ ಎಂದು ನಂಬಿದ್ದೇನೆ.

ಒಂದು ಬೆಳಗಿನ ಜಾವ ಹಾಲು ತರಲು ಹೋದವರು ನಿಲ್ದಾಣದ ಮೆಟ್ಟಿಲ ಬಳಿ ಕುಸಿದರು. ಮೈಯೆಲ್ಲ ಬೆವರು, ಮಾತು ತೊದಲು. ಚಹಾದಂಗಡಿಯ ಕಾರ್ಕಳದ ಹುಡುಗ ಗುರುತು ಹಿಡಿದು ಬಾಯಿಗೆ ಸಕ್ಕರೆ ಹಾಕದಿದ್ದರೆ ಏನಾಗುತ್ತಿತ್ತೋ. ಆಸ್ಪತ್ರೆಯಲ್ಲಿ ಅಳೆದಾಗ ಸಕ್ಕರೆ 42. "ಯಾವ ಮಾತ್ರೆ ತಗೊಂಡಿದ್ದೀರಿ?" ಎಂದು ಡಾಕ್ಟರು ಕೇಳಿದರೆ, "ಯಾವುದೂ ಇಲ್ಲ" ಎಂದರು. ಸತ್ಯವನ್ನೇ ಹೇಳಿದ್ದರು. ಬರೀ ಎಲೆ ಬೇರುಗಳು ಸಕ್ಕರೆಯನ್ನು ಹೀಗೆ ಪಾತಾಳಕ್ಕೆ ತಳ್ಳುವುದು ಅಪರೂಪವೆಂದೂ, ಹೆಸರಿಲ್ಲದ ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡಿನಂಥ ಇಂಗ್ಲಿಷ್ ಔಷಧಿಯನ್ನು ಗುಟ್ಟಾಗಿ ಬೆರೆಸುವುದು ಹೊಸದಲ್ಲವೆಂದೂ ಅವರು ವಿವರಿಸಿದರು. ಮೂತ್ರಪಿಂಡ ಸೋತವರ ಮೈಯಿಂದ ಅಂಥ ಔಷಧಿ ಬೇಗ ಹೊರಹೋಗದೆ ಗಂಟೆಗಟ್ಟಲೆ ಸಕ್ಕರೆಯನ್ನು ಕೆಳಗೆಳೆಯುತ್ತಲೇ ಇರುತ್ತದೆಯಂತೆ. ಅಂದೇ ತಿಳಿದ ಇನ್ನೊಂದು ಸಂಗತಿ: ಇವರ ಕ್ರಿಯಾಟಿನಿನ್ 1.8. ಅಂದರೆ ಮೂತ್ರಪಿಂಡಗಳ ಸೋಸುವ ಶಕ್ತಿ ನೂರಕ್ಕೆ ನಲವತ್ತರ ಆಸುಪಾಸಿಗೆ ಬಂದಿತ್ತು. ಇದು ಮೂರು ವಾರದ ಪುಡಿಯ ಕೆಲಸವಲ್ಲ, ಹನ್ನೊಂದು ವರ್ಷದ ಸಕ್ಕರೆಯದು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಬೇಕಿತ್ತು. ನಾವು ಒಮ್ಮೆಯೂ ನೋಡಿಸಿರಲಿಲ್ಲ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರುತ್ತದೆ, ಆ ಸೋರಿಕೆ ಅದಕ್ಕಿಂತ ಎಷ್ಟೋ ಮೊದಲೇ ಕಾಣುತ್ತದೆ.

ಮನೆಗೆ ಬಂದವಳು ಅಜ್ಜನ ಹಳೆಯ ಗ್ರಂಥಗಳನ್ನು ಕೆಳಗಿಳಿಸಿ ಕುಳಿತೆ. ಯಾರ ಮೇಲಿನ ಸಿಟ್ಟಿನಿಂದ ಓದತೊಡಗಿದೆನೋ ತಿಳಿಯದು. ಆದರೆ ಓದುತ್ತ ಹೋದಂತೆ ಭಾವನ ಡಬ್ಬಿಗೂ ಈ ಗ್ರಂಥಗಳಿಗೂ ಏನೇನೂ ನಂಟಿಲ್ಲವೆಂದು ಕಾಣತೊಡಗಿತು. ಚರಕ ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸುತ್ತಾನೆ. ಕಫದ ಹತ್ತು ಗುಣವಾಗುವಂಥವು, ಪಿತ್ತದ ಆರು ಹತೋಟಿಯಲ್ಲಿ ಇಡಬಹುದಾದವು, ವಾತದ ನಾಲ್ಕು ಅಸಾಧ್ಯ. ಮಧುಮೇಹ ಈ ಕೊನೆಯ ನಾಲ್ಕರಲ್ಲಿ ಸೇರಿದ್ದು. 'ಶಾಶ್ವತ ಪರಿಹಾರ' ಎಂದು ಲೋಕಲ್ ಡಬ್ಬಿಗಳಲ್ಲಿ ಅಂಟಿಸುವ ಚೀಟಿಗಳು ಚರಕನಿಗಿಂತ ಧೈರ್ಯಶಾಲಿಗಳು ಎನ್ನಬೇಕು. ಮಧುಮೇಹವನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು ನಮ್ಮ ದೇಶದ 1954ರ ಕಾನೂನು ನಿಷೇಧಿಸಿದೆ ಎಂಬುದು ಬೇರೆ ಮಾತು.

ಕಾರಣಗಳನ್ನು ಹೇಳುವಾಗ ಚರಕ ನಮ್ಮ ಯಜಮಾನರನ್ನು ಕಣ್ಣಾರೆ ಕಂಡಂತಿದೆ: ಕುಳಿತೇ ಇರುವ ಸುಖ, ನಿದ್ದೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು. ಸುಶ್ರುತನ ಚಿಕಿತ್ಸೆ ಇನ್ನೂ ಖಡಕ್ಕು. ಬಡ ರೋಗಿ ಕೊಡೆ ಚಪ್ಪಲಿಗಳಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಇಲ್ಲವೇ ಬಾವಿ ತೋಡಬೇಕು. ಇದನ್ನು ಇವರಿಗೆ ಓದಿ ಹೇಳಿದೆ. "ಸೊಸೈಟಿಯವರು ಬಾವಿ ತೋಡಲು ಬಿಡಬೇಕಲ್ಲ" ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಇವರು ನಕ್ಕದ್ದು ಅಂದೇ ಮೊದಲು.

ನಮ್ಮ ಗಲ್ಲಿಯಲ್ಲಿ ಒಬ್ಬ ಆಯುರ್ವೇದ ವೈದ್ಯೆ ಇದ್ದಾರೆ, ಮರಾಠಿಯವರು, ನನ್ನ ಮಗಳ ವಯಸ್ಸು. ಡಬ್ಬಿಯನ್ನು ಅವರ ಮುಂದಿಟ್ಟಾಗ ಮೂಸಿಯೂ ನೋಡಲಿಲ್ಲ. "ಕಾಕಾ, ಮೊದಲು ರಿಪೋರ್ಟ್ ಕೊಡಿ" ಎಂದರು. ಗ್ರಂಥಗಳಲ್ಲಿ ವೃಕ್ಕವನ್ನು ಮೇದಸ್ಸಿನ ಸ್ರೋತಸ್ಸಿನ ಮೂಲವೆಂದಿದೆಯೇ ಹೊರತು ಮೂತ್ರದ ಮೂಲವೆಂದಿಲ್ಲ, ಕ್ರಿಯಾಟಿನಿನ್ನಿನ ಮಾತಂತೂ ಇಲ್ಲವೇ ಇಲ್ಲ, ಆದ್ದರಿಂದ ಪ್ರಯೋಗಶಾಲೆಯ ಕಾಗದವಿಲ್ಲದೆ ತಾನು ಕುರುಡಿ ಎಂದರು. ಅವರ ಪ್ರಾಮಾಣಿಕತೆ ನನಗೆ ಅಜ್ಜನನ್ನು ನೆನಪಿಗೆ ತಂದಿತು. ಡಾಕ್ಟರ ಮಾತ್ರೆಗಳನ್ನು ಅವರನ್ನು ಕೇಳದೆ ನಿಲ್ಲಿಸಕೂಡದೆಂದರು. ಮೆಟ್‌ಫಾರ್ಮಿನ್ ಹೊರಹೋಗುವುದು ಮೂತ್ರಪಿಂಡದ ಮೂಲಕವೇ ಆದ್ದರಿಂದ ಅದರ ಪ್ರಮಾಣವನ್ನು ಡಾಕ್ಟರು ಆಗಲೇ ಇಳಿಸಿದ್ದರು. ನೆಲ್ಲಿಕಾಯಿ ಮತ್ತು ಅರಿಶಿನ ಪ್ರಮೇಹಕ್ಕೆ ಶ್ರೇಷ್ಠವೆಂದು ವಾಗ್ಭಟ ಹೇಳಿದ್ದನ್ನು ನಾನು ನೆನಪಿಸಿದರೆ, "ಅಡುಗೆಯಲ್ಲಿ ಧಾರಾಳವಾಗಿ ಹಾಕಿ. ಚಮಚಗಟ್ಟಲೆ ಪುಡಿ ಈಗ ಬೇಡ" ಎಂದುಬಿಟ್ಟರು. ಅನ್ನದ ಬದಲು ಒಂದು ಹೊತ್ತು ಜವೆಗೋಧಿ, ಸಂಜೆ ಮೀಠಬಂದರಿನವರೆಗೆ ನಡಿಗೆ. ಬರಿಗಾಲಿನಲ್ಲಿ ಮಾತ್ರ ಬೇಡ, ಈ ಕಾಯಿಲೆಯಲ್ಲಿ ಪಾದಕ್ಕೆ ಗಾಯವಾದದ್ದೂ ತಿಳಿಯುವುದಿಲ್ಲ ಎಂದು ಸುಶ್ರುತನನ್ನು ಅಷ್ಟರಮಟ್ಟಿಗೆ ತಿದ್ದಿದರು.

ಅಮೃತಬಳ್ಳಿಯ ಕಷಾಯದ ಬಗ್ಗೆ ಕೇಳಿದೆ. ಕೊರೋನಾ ಕಾಲದಲ್ಲಿ ಮುಂಬಯಿಯ ವೈದ್ಯರೇ ಆ ಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟು ಮಾಡಿಕೊಂಡ ಆರು ರೋಗಿಗಳ ವಿವರವನ್ನು 2021ರಲ್ಲಿ ಪ್ರಕಟಿಸಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಕುಲದ ಇನ್ನೊಂದು ಬಳ್ಳಿಯನ್ನು ತಪ್ಪಾಗಿ ಗುರುತಿಸಿರಬಹುದೆಂದಿತು. ನನಗೆ ಈ ವಾದದಲ್ಲಿ ತೀರ್ಪು ಕೊಡುವ ಯೋಗ್ಯತೆಯಿಲ್ಲ. ಆದರೆ ಪಂಪಿನ ಕೋಣೆಯ ಹಿಂದೆ ನಾವು ಕತ್ತರಿಸಿದ್ದು ಯಾವ ಬಳ್ಳಿ ಎಂದು ಹೇಳಬಲ್ಲವರು ನಮ್ಮ ಕಟ್ಟಡದಲ್ಲಿ ಯಾರಿದ್ದರು? ಅಜ್ಜ ಇದ್ದಿದ್ದರೆ ಎಲೆ ಹರಿದು, ಕಾಂಡ ಸೀಳಿ ನೋಡುತ್ತಿದ್ದರು. ನಮಗೆ ಉಳಿದದ್ದು ಹೆಸರೊಂದೇ.

ಹೊನ್ನೆ ಮರದ ಲೋಟದ ಮಾತೂ ಬಂತು. ಹೊನ್ನೆಯನ್ನು ಐಸಿಎಂಆರ್ ಹೊಸ ರೋಗಿಗಳ ಮೇಲೆ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ಆಶಾದಾಯಕವಾಗಿಯೇ ಇತ್ತು. ಆದರೆ ಅಲ್ಲಿ ಕೊಟ್ಟದ್ದು ಅಳತೆಯ ಔಷಧಿ, ರೋಗವೂ ಎಳೆಯದು. ಮೂತ್ರಪಿಂಡ ಸೋತವರಿಗೆ ಆ ಮಾತು ಅನ್ವಯಿಸದು.

ಊರಿನಿಂದ ಅಕ್ಕ ಫೋನಿನಲ್ಲಿ, "ಬಿಂಬುಳಿ ರಸ ಕುಡಿಸು, ಕೊಬ್ಬು ಸಕ್ಕರೆ ಎರಡೂ ಇಳಿಯುತ್ತದೆ" ಎಂದಳು. ಮೀನಿನ ಸಾರಿಗೆ ನಾಲ್ಕು ಬಿಂಬುಳಿ ಹಾಕಿ ಬೆಳೆದವರು ನಾವು. ಅದರಿಂದ ಯಾರಿಗೂ ಏನೂ ಆಗಿಲ್ಲ. ಆದರೆ ಕೇರಳದಲ್ಲಿ ಅದರ ರಸವನ್ನು ಲೋಟಗಟ್ಟಲೆ ಕುಡಿದ ಹತ್ತು ಮಂದಿಯ ಮೂತ್ರಪಿಂಡ ಹಠಾತ್ತನೆ ಕೈಕೊಟ್ಟ ವರದಿಯಿದೆ. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಅದರ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ಮೂತ್ರಪಿಂಡದೊಳಗೆ ಹರಳುಗಟ್ಟುತ್ತದೆ. ಅಕ್ಕನಿಗೆ ಇದನ್ನೆಲ್ಲ ಹೇಳಿದರೆ, "ನೀನು ಬೊಂಬಾಯಿಗೆ ಹೋಗಿ ಹೆದರುಪುಕ್ಕಿಯಾದೆ" ಎಂದಳು.

ಹತ್ತು ತಿಂಗಳಾಯಿತು. ಇವರ ಕ್ರಿಯಾಟಿನಿನ್ ಈಗ 1.7 ಮತ್ತು 1.8ರ ನಡುವೆ ನಿಂತಿದೆ. ಇಳಿಯುವ ಆಸೆ ಇಟ್ಟುಕೊಳ್ಳಬೇಡಿ, ಏರದಿದ್ದರೆ ಅದೇ ಲಾಭ ಎಂದಿದ್ದಾರೆ ಡಾಕ್ಟರು. ರಾತ್ರಿ ಮಾತ್ರೆ ನುಂಗಿದ ಮೇಲೆ ಇವರು ಕೇಳದೆಯೇ ಬಾಯಿ ತೆರೆದು ತೋರಿಸುತ್ತಾರೆ. ತಮಾಷೆಗೆಂದು ಶುರುವಾದದ್ದು, ಈಗ ಇಬ್ಬರಿಗೂ ನಗು ಬರುವುದಿಲ್ಲ.

ಭಾವ ಇನ್ನೂ ಪುಡಿ ಬಿಟ್ಟಿಲ್ಲ. ಅವರ ಕಾಲು ಸಂಜೆ ಊದಿಕೊಳ್ಳುತ್ತದೆಂದು ತಂಗಿ ಮೊನ್ನೆ ಹೇಳಿದಳು. ಫೋನ್ ಮಾಡಿ, ಒಮ್ಮೆ ರಕ್ತ ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿ ಭಾವ ಎಂದೆ. "ನೋಡುವ" ಎಂದರು. ನಮ್ಮ ಕಡೆ 'ನೋಡುವ' ಎಂದರೆ ಏನೆಂದು ನಿಮಗೆ ಗೊತ್ತೇ ಇದೆ. ಆ ಡಬ್ಬಿಯನ್ನು ನಾನು ಎಸೆದಿಲ್ಲ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಈ ಭಾನುವಾರ ಅವರು ಊಟಕ್ಕೆ ಬರುತ್ತಾರೆ. ಕೋಪರಿಯಲ್ಲಿ ಭಾನುವಾರವೂ ಹನ್ನೆರಡರ ತನಕ ತೆರೆದಿರುವ ಲ್ಯಾಬ್ ಒಂದಿದೆ. ಹತ್ತಕ್ಕೇ ಬನ್ನಿ, ಬರಿಹೊಟ್ಟೆಯಲ್ಲಿ ಬನ್ನಿ, ನೀರುದೋಸೆ ಮಾಡಿಟ್ಟಿರುತ್ತೇನೆ ಎಂದು ಹೇಳಿದ್ದೇನೆ.