ಟಾಕಿಗೆ ಕಲಾಯಿ

ಹಳೆಯ ಮೋಟಾರು ಕೊಳ್ಳುವವರು ಅದರ ಬಣ್ಣವನ್ನು ನೋಡುತ್ತಾರೆ, ಗಾಲಿಯನ್ನು ಕಾಲಿನಿಂದ ಒದ್ದು ನೋಡುತ್ತಾರೆ, ಇಂಜಿನಿನ ಸದ್ದಿಗೆ ಕಿವಿಗೊಡುತ್ತಾರೆ. ಪೆಟ್ರೋಲಿನ ಟಾಕಿಯೊಳಗೆ ಇಣಿಕಿ ನೋಡುವವರು ವಿರಳ. ಅದು ಹಳೆಯ ಮನೆಗಳ ಹಗೇವಿನಂತೆ. ಒಳಗೆ ತೇವ ಸೇರಿದ ಸಂಗತಿ ಕಾಳು ಕೆಟ್ಟ ಮೇಲೆಯೇ ಮನೆಯವರಿಗೆ ತಿಳಿಯುವುದು.

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಅಂಗಳದಲ್ಲಿ 1968ರ ಅಂಬಾಸಿಡರ್ ಕಾರೊಂದಿದೆ. ತಂಬಾಕಿನ ವ್ಯಾಪಾರಕ್ಕಾಗಿ ನಿಪ್ಪಾಣಿಗೆ ಹೋಗಿಬರುತ್ತಿದ್ದ ಅವರ ತಂದೆ ಕೊಂಡದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯಿಂದ ಹುಟ್ಟಿದ ಈ ಕುಲವು ಕಲಕತ್ತೆಯ ಬಳಿಯ ಉತ್ತರಪಾಡಾದಲ್ಲಿ 2014ರ ಮೇ ತಿಂಗಳವರೆಗೆ ಬೆಳೆಯಿತು. ಈಗ ಅದಕ್ಕೆ ಹೊಸ ಸಂತಾನವಿಲ್ಲ, ಇದ್ದುದನ್ನೇ ಕಾಪಾಡಿಕೊಳ್ಳಬೇಕು. ಟಾಕಿ ಇರುವುದು ಡಿಕ್ಕಿಯ ತಳದಲ್ಲಿ, ಸುಮಾರು 54 ಲೀಟರು ಹಿಡಿಸುವಂಥದು. ನಾಲ್ಕು ವರ್ಷ ಅರೆಹೊಟ್ಟೆಯಲ್ಲಿ ನಿಂತ ಆ ಟಾಕಿಯು ಒಂದು ಪುಷ್ಯಮಾಸದಲ್ಲಿ ನೆಲದ ಮೇಲೆ ರೂಪಾಯಿಯಗಲದ ಕಲೆಯೊಂದನ್ನು ಮೂಡಿಸಿತು.

ಕಲೆ ಸಣ್ಣದು, ಆದರೆ ಕಾಲ ಕೆಟ್ಟದು. ಮಾಘದ ಹುಣ್ಣಿಮೆಗೆ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಗಡಿಯ ಈಚೆಯಿಂದಲೂ ಮಹಾರಾಷ್ಟ್ರದಿಂದಲೂ ಜನ ಬಂದು ಸೇರುತ್ತಾರೆ. ಮಾಸ್ತರರ ಅಂಗಳದಲ್ಲಿ ಅವರ ತಂದೆಯ ಕಾಲದಿಂದಲೂ ಅವೇ ನಾಲ್ಕಾರು ಮನೆತನಗಳು ಇಳಿದುಕೊಂಡು, ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುವ ವಾಡಿಕೆ. ಗೃಹಿಣಿ ಕಲೆಯನ್ನು ನೋಡಿದರು, ಗಾಳಿಯನ್ನು ಮೂಸಿದರು.

“ಏನ್ರಿ, ಜಾತ್ರಿ ಮಂದಿ ಇಲ್ಲೇ ಒಲಿ ಹೂಡತಾರ. ಈ ವಾಸನಿ ಇರೂತನಕಾ ನಾ ಯಾರನ್ನೂ ಇಳಿಸಿಕೊಳ್ಳಾಂಗಿಲ್ಲ.”

ಬರುವವರನ್ನು ಬೇಡವೆನ್ನುವಂತಿಲ್ಲ; ತಂದೆಯ ಕಾರನ್ನು ಮೋಡಕಾದವನ ತಕ್ಕಡಿಗೆ ಹಾಕಲು ಮನಸ್ಸು ಬಾರದು. ಮಾಸ್ತರರ ಮುಂದೆ ಒಂದೇ ತಿಂಗಳಿತ್ತು.

ಎಣ್ಣೆಯಂಥ ಪೆಟ್ರೋಲಿರುವಲ್ಲಿ ತುಕ್ಕು ಹೇಗೆ ಬಂದೀತೆಂದು ಕೇಳಬಹುದು. ಟಾಕಿಯು ಉಸಿರಾಡುತ್ತದೆ. ಹಗಲಿನ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಹೊರಬೀಳುವುದು, ರಾತ್ರಿಯ ತಂಪಿಗೆ ಹೊರಗಿನ ತೇವದ ಗಾಳಿ ಒಳಸೇರುವುದು. ಬರಿದಾಗಿರುವ ಗೋಡೆಗಳ ಮೇಲೆ ಆ ತೇವ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳ ಹಿಡಿದು ಕೂರುತ್ತದೆ. ಆ ಕಾಲದ ಅನೇಕ ಟಾಕಿಗಳನ್ನು ಸೀಸ ತವರಗಳ ಲೇಪ ಕೊಟ್ಟ ತಗಡಿನಿಂದ ಮಾಡುತ್ತಿದ್ದರು. ಒಂದು ಬಗೆಯ ಕಲಾಯಿಯೆಂದೇ ಹೇಳಬಹುದು. ಆ ಲೇಪ ಸವೆದಲ್ಲಿ ಕಬ್ಬಿಣ ಬಯಲಾಗುತ್ತದೆ. ಅರ್ಧ ತುಂಬಿದ ಟಾಕಿಗಿಂತ ಪೂರ್ಣ ತುಂಬಿದ ಟಾಕಿಗೆ ಆಯುಷ್ಯ ಹೆಚ್ಚು.

ಮೊದಲ ಉಪಚಾರ ಊರಿನದೇ ಆಯಿತು. ಸೋರುವ ಜಾಗಕ್ಕೆ ಬಟ್ಟೆ ಸಾಬೂನನ್ನು ತಿಕ್ಕಿ ಒತ್ತುವುದು ಲಾರಿಯವರೆಲ್ಲ ಬಲ್ಲ ಮದ್ದು. ಪೆಟ್ರೋಲಿನಲ್ಲಿ ಸಾಬೂನು ಸುಲಭವಾಗಿ ಕರಗದು. ಮುಂದಿನ ಊರು ಮುಟ್ಟಲು ಅದು ಸಾಕು. ಜಾತ್ರೆಯ ಒಲೆಗಳ ನಡುವೆ ನಂಬುವಂಥದಲ್ಲ. ಮಾಸ್ತರರು ಬ್ಯಾಟರಿಯ ತಂತಿ ಬಿಚ್ಚಿ, ಬಯಲಿನಲ್ಲಿ ಪೆಟ್ರೋಲನ್ನು ಡಬ್ಬಿಗಿಳಿಸಿ, ಟಾಕಿಯನ್ನು ಕಳಚಿ ವೆಲ್ಡಿಂಗಿನವನ ಬಳಿ ಒಯ್ದರು. ಅವನು ಅದನ್ನು ಮುಟ್ಟಲೂ ಇಲ್ಲ.

“ಮಾಸ್ತರ್ರ, ಇದು ಖಾಲಿ ಐತಿ ಅಂತೀರಿ. ಖಾಲಿ ಇದ್ದದ್ದಕ್ಕs ನಾ ಅಂಜತೇನಿ.”

ಆ ಮಾತಿನಲ್ಲಿ ಒಂದಿಡೀ ವಿಜ್ಞಾನದ ಪಾಠವಿದೆ. ಉರಿಯುವುದು ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ಆ ಆವಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲಿನಷ್ಟಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ತುಂಬಿದ ಟಾಕಿಯಲ್ಲಿ ಆವಿಗೆ ಎಡೆಯೇ ಇಲ್ಲ. ಬರಿದಾದ ಟಾಕಿಯ ಸಂದಿಯಲ್ಲಿ ಉಳಿದ ಒಂದು ಚಮಚ ಪೆಟ್ರೋಲೇ ಸಿಡಿಮದ್ದಾಗಬಹುದು. ಕೆಲಸ ನಿರಾಕರಿಸಿದ ಆ ಕಸಬುದಾರನಿಗೆ ಮಾಸ್ತರರು ಚಹಾ ಕುಡಿಸಿ ಬಂದರಂತೆ. ಕೊಡಬೇಕಾದ ಗೌರವವೇ ಅದು.

ಪೇಟೆಯಲ್ಲಿ ಟಾಕಿಯ ಒಳಗೆ ಸುರಿದು ಪದರು ಕಟ್ಟಿಸುವ ಅಂಟುಲೇಪ ಸಿಗುತ್ತದೆಂದು ಮಾಸ್ತರರು ಕೇಳಿದ್ದರು. ತರಿಸಿ, ಒಂದೇ ಮಧ್ಯಾಹ್ನದಲ್ಲಿ ಸುರಿದು ಮುಗಿಸಬೇಕೆಂದಿದ್ದರು. ತಡೆದದ್ದು ಗೃಹಿಣಿಯ ಪ್ರಶ್ನೆ: ಕಲಾಯಿಯವನು ತಾಮ್ರದ ಹಂಡೆಯನ್ನು ತಿಕ್ಕಿ ಬೆಳಗದೆ ಎಂದಾದರೂ ತವರ ಸವರಿದ್ದಾನೆಯೇ? ಸವರಿದರೆ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ತುಕ್ಕಿನ ಮೇಲೆ ಕುಳಿತ ಲೇಪ ಲೋಹಕ್ಕೆ ಅಂಟಿರುವುದಿಲ್ಲ, ತುಕ್ಕಿಗೆ ಅಂಟಿರುತ್ತದೆ. ಕೆಲ ತಿಂಗಳಲ್ಲಿ ಅದು ಹಾವಿನ ಪೊರೆಯಂತೆ ಸುಲಿದು, ಪೆಟ್ರೋಲ್ ಹೀರುವ ಕೊಳವೆಯ ಬಾಯಿಗೆ ಸಿಕ್ಕಿಕೊಂಡು, ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ.

ಆದ್ದರಿಂದ ತೊಳೆಯುವ ಕೆಲಸವೇ ಮೊದಲಾಯಿತು; ಹದಿನೈದು ದಿನ ಅದೇ ಆಯಿತು. ಬಿಸಿನೀರು, ಸೋಪಿನ ಪುಡಿ, ಮತ್ತೆ ಬಿಸಿನೀರು, ಪೆಟ್ರೋಲಿನ ವಾಸನೆ ಅಳಿಯುವವರೆಗೆ. ಅಳತೆಯ ಮುಳ್ಳಿಗೆ ಸಂಬಂಧಿಸಿದ ತೇಲುಬುರುಡೆಯನ್ನು ಬಿಚ್ಚಿಟ್ಟು, ನಲವತ್ತು ನಟ್ಟುಗಳನ್ನು ಎಣಿಸಿ ಒಳಹಾಕಿ, ಟಾಕಿಯನ್ನು ಇಬ್ಬರು ಹಿಡಿದು ತೊಟ್ಟಿಲಿನಂತೆ ತೂಗಿದರು. ಹೊರಬಂದವು ಮೂವತ್ತೊಂಬತ್ತು. ನಲವತ್ತನೆಯದಕ್ಕೆ ಒಂದು ಸಂಜೆಯೇ ಹೋಯಿತು. ಎಣಿಸದೆ ಹಾಕಿದ್ದರೆ ಅದು ಅಲ್ಲಿಯೇ ಸಂಸಾರ ಹೂಡುತ್ತಿತ್ತು.

ತುಕ್ಕನ್ನು ಕರಗಿಸಲು ಕಾಕಂಬಿಯ ನೀರು ಒಳ್ಳೆಯದೆಂಬುದು ಲೋಕಪ್ರಸಿದ್ಧ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಒಂದೆರಡು ವಾರದ ನೆನೆ. ಸುತ್ತ ಕಬ್ಬೇ ಬೆಳೆಯುವ ನಾಡು, ಕಾರ್ಖಾನೆಗಳೂ ದೂರವಿಲ್ಲ. ಆದರೆ ಕಾಕಂಬಿಯ ಮೇಲೆ ಅಬಕಾರಿಯವರ ಕಣ್ಣು. ಕೊಡ ಹಿಡಿದು ಹೋಗಿ ತರುವ ಪದಾರ್ಥವಲ್ಲ. ಮಾಸ್ತರರು ನಿಂಬೂಸತ್ವವನ್ನು ಆರಿಸಿಕೊಂಡರು. ನೂರಕ್ಕೆ ಐದರ ಲೆಕ್ಕದಲ್ಲಿ ಟಾಕಿ ತುಂಬ ನೀರಿಗೆ ಎರಡೂಮುಕ್ಕಾಲು ಕಿಲೋದಷ್ಟು ಬೇಕು. ಯಾರ ಮನೆಯ ಮದುವೆಯ ಶರಬತ್ತೆಂದು ಅಂಗಡಿಯವನು ವಿಚಾರಿಸಿದನು.

ಒಂದು ಹಗಲು, ಒಂದು ರಾತ್ರಿ ಕಳೆದ ಮೇಲೆ ನೀರು ಚೆಲ್ಲಿ ದೀಪ ಹಿಡಿದರೆ ಒಳಗೆ ಬೂದುಬಣ್ಣದ ಶುದ್ಧ ಕಬ್ಬಿಣ. ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ತುಕ್ಕು ಕಳೆದೊಡನೆ ತುಕ್ಕೇ ಮುಚ್ಚಿದ್ದ ತೂತುಗಳೆಲ್ಲ ಕಣ್ಣು ಬಿಟ್ಟವು, ಎರಡಿದ್ದವು ಹನ್ನೊಂದಾದವು. ಇಂಥ ಹೊತ್ತಿನಲ್ಲಿ ಆಸೆ ಕಣ್ಣನ್ನು ಕಟ್ಟುತ್ತದೆ. ಅಂಟುಲೇಪ ತಗಡಿಗೆ ಅಂಗಿಯಾದೀತು, ಎಲುಬಾಗಲಾರದು. ಮಾಸ್ತರರು ತಳವನ್ನೆಲ್ಲ ದಬ್ಬಣದಿಂದ ಒತ್ತಿ ನೋಡಿದರು. ಎರಡು ಕಡೆ ಮಾತ್ರ ಅದು ಒಳಕ್ಕಿಳಿಯಿತು. ಉಳಿದೆಡೆ ತಗಡು ಗಟ್ಟಿ. ಆ ಎರಡಕ್ಕೆ ತಗಡಿನ ಕೆಲಸದವನು, ಟಾಕಿಯಲ್ಲಿ ನೀರು ತುಂಬಿ ಕೇವಲ ಬೆರಳಗಲ ತೆರವು ಬಿಟ್ಟು, ದೂರದ ಒಲೆಯಲ್ಲಿ ಕಾಯಿಸಿ ತಂದ ತಾಮ್ರದ ಮೊನೆಯಿಂದ ತೇಪೆ ಬೆಸೆದನು. ಒಂಬತ್ತು ಸೂಜಿಮೊನೆಗಳನ್ನು ಲೇಪಕ್ಕೆ ಬಿಟ್ಟರು.

ಹುಳಿಯ ಶೇಷವನ್ನು ಸೋಡಾ ನೀರಿನಿಂದ ಅಳಿಸಬೇಕು, ಆಮೇಲೆ ತಡಮಾಡಬಾರದು. ತೊಳೆದ ಬರಿ ಕಬ್ಬಿಣ ಗಂಟೆಯೊಳಗೆ ಮತ್ತೆ ಕೆಂಪಗಾಗುತ್ತದೆ. ಸ್ಪಿರಿಟ್ ಸುರಿದು ಕುಲುಕಿ ತೆಗೆದರೆ ಅದು ಉಳಿದ ನೀರನ್ನು ತನ್ನೊಡನೆ ಒಯ್ಯುತ್ತದೆ. ಬಳಿಕ ಬೆಂಕಿಯ ಸೋಂಕಿಲ್ಲದ ಬಿಸಿಲಿನಲ್ಲಿ ಗಾಳಿಯಾಡಲು ಬಿಟ್ಟರು.

ಲೇಪವನ್ನು ಆರಿಸುವಾಗ ಕಬ್ಬು ಮತ್ತೆ ಅಡ್ಡಬಂದಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಯಿತು. ಕೃಷ್ಣೆಯ ದಂಡೆಯ ಕಬ್ಬಿನ ರಸ ಹೀಗೆ ಸುತ್ತಿ ಬಳಸಿ ಕಾರಿನ ಹೊಟ್ಟೆ ಸೇರುತ್ತದೆ. ಬೆಳೆದವರಿಗೆ ಅದರಿಂದ ಲಾಭವುಂಟು, ಹಳೆಯ ಟಾಕಿಗೆ ಮಾತ್ರ ಇದು ಹೊಸ ಪರೀಕ್ಷೆ. ಎಥನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದರೆ ಆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ರಬ್ಬರು ಕೊಳವೆಗಳನ್ನು ಅದು ಮೆತ್ತಗೆ ಮಾಡುತ್ತದೆ, ಮದ್ಯಸಾರ ತಾಳದ ಲೇಪಗಳನ್ನು ಉಬ್ಬಿಸಿ ಬಿಡಿಸುತ್ತದೆ. ಡಬ್ಬಿಯ ಮೇಲೆ ಎಥನಾಲ್ ತಾಳುತ್ತದೆಂಬ ಅಕ್ಷರಗಳಿಲ್ಲದ ಲೇಪ ಎಷ್ಟು ಅಗ್ಗವಾದರೂ ದುಬಾರಿಯೇ. ಮಾಸ್ತರರು ಕೊಳವೆಗಳನ್ನೂ ಹೊಸದಾಗಿ ಹಾಕಿಸಿದರು.

ಸುರಿಯುವ ಕೆಲಸ ಅರ್ಧ ಗಂಟೆಯದು. ತೂತುಗಳಿಗೆ ಹೊರಗಿನಿಂದ ಪಟ್ಟಿ ಅಂಟಿಸಿ, ಲೇಪ ಹೊಯ್ದು, ಟಾಕಿಯನ್ನು ಆರು ಮಗ್ಗುಲಿಗೂ ಹೊರಳಿಸಿ, ಹೆಚ್ಚಾದುದನ್ನು ಪೂರ್ತಿ ಹೊರಚೆಲ್ಲಬೇಕು. ಮಡುಗಟ್ಟಿ ನಿಂತದ್ದು ಒಣಗುವುದಿಲ್ಲ. ಹೀರುವ ಕೊಳವೆಗೆ ಗಾಳಿಯೂದಿ ದಾರಿ ಬಿಡಿಸಿದರು. ನಾಲ್ಕು ದಿನ ಅದನ್ನು ಯಾರೂ ಮುಟ್ಟಲಿಲ್ಲ.

ಐದನೆಯ ದಿನ ಟಾಕಿಯನ್ನು ಅಟ್ಟಣಿಗೆಯ ಮೇಲಿಟ್ಟು ಪೆಟ್ರೋಲು ತುಂಬಿ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿದರು. ಮೂರು ರಾತ್ರಿ ಕಾಗದ ಒಣಗಿದ್ದಂತೆಯೇ ಇತ್ತು. ಗೃಹಿಣಿ ನಾಲ್ಕನೆಯ ಬೆಳಗ್ಗೆ ತಾವೇ ಬಾಗಿ ಮೂಸಿ ನೋಡಿದರು. ಆಮೇಲೆ ಅಂಗಳವನ್ನು ಸಾರಿಸಲು ಹೇಳಿ, ಕಾರನ್ನು ಮಾತ್ರ ಜಾತ್ರೆ ಮುಗಿಯುವವರೆಗೆ ಹಿತ್ತಲಿಗೆ ತಳ್ಳಿಸಿದರು.