ಲಿಸಿಯದ ಕಡಲಂಚಿನಲ್ಲಿ ನಾಲ್ಕು ದಿನ

ಕಡಲಿಗೆ ವಿಹಾರಕ್ಕೆಂದು ಹೋಗುವುದು ನಮ್ಮ ಕರಾವಳಿಯ ಹಿರಿಯರಿಗೆ ಇಂದಿಗೂ ಅಷ್ಟಾಗಿ ಅರ್ಥವಾಗದ ಸಂಗತಿ. ಅವರ ಪಾಲಿಗೆ ಕಡಲಿಗೆ ಹೋಗುವುದೆಂದರೆ ಮೀನಿಗೆ ಹೋಗುವುದು. ಮೀನು ಸಿಗಲಿ, ಸಿಗದಿರಲಿ, ಹೋದವನು ಕ್ಷೇಮವಾಗಿ ಮರಳಿ ಬಂದರೆ ಅಂದಿನ ಜಪಸರದಲ್ಲಿ ಒಂದು ಕೃತಜ್ಞತೆ ಸೇರುತ್ತದೆ. ಪವಿತ್ರ ಗ್ರಂಥದಲ್ಲಿಯೂ ಹಾಗೆಯೇ. ಯೋನ ತಪ್ಪಿಸಿಕೊಳ್ಳಲು ಹಡಗು ಹತ್ತಿದ. ಪೇತ್ರ, ಅಂದ್ರೆಯರು ಬಲೆ ಬೀಸಲು ದೋಣಿ ಹತ್ತಿದರು. ಸಂತ ಪೌಲರು ಮೊದಲು ಶುಭಸಂದೇಶಕ್ಕಾಗಿ, ಕೊನೆಗೆ ಸೆರೆಯಾಳಾಗಿ ಹಡಗು ಹತ್ತಿದರು. ಸುಮ್ಮನೆ ನೀರನ್ನು ನೋಡುತ್ತಾ ಕೂರಲೆಂದು ಹಡಗು ಹತ್ತಿದ ಒಬ್ಬರನ್ನೂ ನಾನು ಬೈಬಲಿನಲ್ಲಿ ಕಂಡಿಲ್ಲ.

ಆದರೂ 2019ರ ಮೇ ತಿಂಗಳಿನಲ್ಲಿ ನಾನು ಹಾಗೆ ಕೂತು ಬಂದೆ. ಹೊನ್ನಾವರ ಕಡೆಯ, ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರದ ಒಂದು ಕುಟುಂಬ ನನ್ನನ್ನು ಕರೆದುಕೊಂಡು ಹೋಯಿತು. ಮನೆಯ ಯಜಮಾನರು 22 ವರ್ಷಗಳಿಂದ ಕುವೈತಿನಲ್ಲಿ ದುಡಿಯುತ್ತಿದ್ದವರು. ವರ್ಷಕ್ಕೊಂದು ತಿಂಗಳ ರಜೆ. ನೀವೇ ಲೆಕ್ಕ ಹಾಕಿ: 22 ವರ್ಷಗಳಲ್ಲಿ ಮನೆಯವರೊಂದಿಗೆ ಕಳೆದದ್ದು ಎರಡು ವರ್ಷವೂ ಆಗದು. ಹಿರಿಯ ಮಗ ಆ ಶರತ್ಕಾಲದಲ್ಲಿ ಓದಲು ಜರ್ಮನಿಗೆ ಹೊರಟಿದ್ದ. ಅವನು ಹೋಗುವ ಮುನ್ನ ಎಲ್ಲರೂ ಒಮ್ಮೆ ಒಂದೆಡೆ ಇರಬೇಕೆಂದು ತಂದೆ ಆಸೆಪಟ್ಟರು. ಊರಿನಲ್ಲಾದರೆ ನೆಂಟರು, ಮದುವೆ, ಮನೆಯ ರಿಪೇರಿ ಎಂದು ರಜೆ ಕರಗಿಹೋಗುತ್ತದೆ. ಯಾರೂ ಬಂದು ಬಾಗಿಲು ತಟ್ಟಲಾಗದ ಜಾಗವೆಂದರೆ ದೋಣಿಯೇ ಎಂದು ಅವರಿಗೆ ಹೊಳೆದಿತ್ತು. ಅವರ ತಾಯಿ ಮಾತ್ರ ಒಪ್ಪಲಿಲ್ಲ. ಶರಾವತಿಯ ಅಳಿವೆಯ ಪಕ್ಕದಲ್ಲಿ ಹುಟ್ಟಿ ಬೆಳೆದ ಆ ಅಜ್ಜಿಗೆ ಕಡಲು ನೋಡಲು ಹಣ ತೆರುವುದು ಹುಚ್ಚುತನವಾಗಿ ಕಂಡಿತು. ಸಂತ ಪೌಲರು ಹೋದ ದಾರಿ ಎಂದು ಮೊಮ್ಮಗಳು ಪುಸಲಾಯಿಸಿದಾಗ, ಹಾಗಾದರೆ ಪಾದ್ರಿಗಳೂ ಬರಲಿ ಎಂದರಂತೆ. ನನ್ನ ಟಿಕೇಟು ಹೀಗೆ ಗಿಟ್ಟಿತು!

ದಾರಿ ತುರ್ಕಿಯ ನೈಋತ್ಯ ಕರಾವಳಿಯದು. ಹಿಂದೆ ಲಿಸಿಯ ಎನ್ನುತ್ತಿದ್ದ ಸೀಮೆ. ಫೆತಿಯೆ ಎಂಬ ಬಂದರಿನಿಂದ ದೆಮ್ರೆಯವರೆಗೆ, ಪೂರ್ವದಿಕ್ಕಿಗೆ. ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್. ಬಸ್ಸಿಗೆ ಅರ್ಧ ದಿನ ಸಾಕು. ನಾವು ನಾಲ್ಕು ದಿನ ತೆಗೆದುಕೊಂಡೆವು. ತೋರಸ್ ಪರ್ವತಗಳು ಇಲ್ಲಿ ನೇರವಾಗಿ ಕಡಲಿಗೆ ಇಳಿಯುತ್ತವೆ. ನಮ್ಮ ಸಹ್ಯಾದ್ರಿಯಂತೆ ನಡುವೆ ತೆಂಗು, ಗದ್ದೆ, ಮರಳದಂಡೆ ಎಂಬ ಸೌಜನ್ಯವೇನೂ ಇಲ್ಲ. ಬಿಳಿಯ ಸುಣ್ಣಕಲ್ಲು, ಅದಕ್ಕೆ ಅಂಟಿಕೊಂಡ ಪೈನ್ ಮರಗಳು, ಕೆಳಗೆ ತಳ ಕಾಣುವಷ್ಟು ತಿಳಿಯಾದ ನೀರು. ಬಂಡೆಯ ಮುಖದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನವರು ಕೊರೆದ ಸಮಾಧಿಗಳು, ಮನೆಯ ಬಾಗಿಲುಗಳಂತೆ, ಕಡಲನ್ನೇ ನೋಡುತ್ತಿರುತ್ತವೆ.

ದೋಣಿಗೆ ಅಲ್ಲಿ ಗುಲೆತ್ ಎನ್ನುತ್ತಾರೆ. ಎರಡು ಕೂವೆಗಳ, ಅಗಲ ಹೊಟ್ಟೆಯ ಮರದ ಹಡಗು. ಇದರಲ್ಲಿ ವಿಹಾರ ಮಾಡುವ ರೂಢಿಗೆ 'ನೀಲಿ ಪಯಣ' ಎಂಬ ಹೆಸರಿದೆ. ಅದರ ಮೂಲ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಜೆವತ್ ಶಾಕಿರ್ ಎಂಬ ತುರ್ಕಿಯ ಲೇಖಕರನ್ನು, ಬರೆದ ಒಂದು ಲೇಖನದ ಕಾರಣಕ್ಕೆ, ಸರ್ಕಾರ 1925ರಲ್ಲಿ ಬೊದ್ರುಮ್ ಎಂಬ ದೂರದ ಊರಿಗೆ ಗಡಿಪಾರು ಮಾಡಿತು. ಶಿಕ್ಷೆಗೆಂದು ಕಳುಹಿಸಿದ ಊರನ್ನೇ ಅವರು ಪ್ರೀತಿಸಿಬಿಟ್ಟರು. ಅವಧಿ ಮುಗಿದ ಮೇಲೂ ಅಲ್ಲಿಗೇ ಮರಳಿ ನೆಲೆಸಿ, 'ಹಾಲಿಕರ್ನಾಸಿನ ಮೀನುಗಾರ' ಎಂಬ ಕಾವ್ಯನಾಮ ಇಟ್ಟುಕೊಂಡರು. ಮುಂದೆ ಸ್ಪಂಜು ತೆಗೆಯುವವರ ದೋಣಿಗಳಲ್ಲಿ ಗೆಳೆಯರನ್ನು ಕೂರಿಸಿಕೊಂಡು ಕೊಲ್ಲಿಯಿಂದ ಕೊಲ್ಲಿಗೆ ಅಲೆದರು. ಇಂದು ಲೋಕದ ಉಳ್ಳವರು ಹಣ ತೆತ್ತು ಮಾಡುವ ವಿಹಾರ ಹುಟ್ಟಿದ್ದು ಒಬ್ಬ ಗಡಿಪಾರಾದವರ ಅಲೆದಾಟದಿಂದ.

ಹಾಯಿಯ ಹಡಗು ಎಂದೆನಲ್ಲ, ಸತ್ಯ ಹೇಳಬೇಕೆಂದರೆ ಬಹುತೇಕ ಗುಲೆತ್‌ಗಳು ಓಡುವುದು ಡೀಸೆಲ್ ಎಂಜಿನ್ನಿನಿಂದ. ಹಾಯಿ ಮಡಚಿದ ಛತ್ರಿಯಂತೆ ಮೇಲೆ ಕಟ್ಟಿಕೊಂಡಿರುತ್ತದೆ. ಮೊದಲ ದಿನ ಅಜ್ಜಿ ಅದನ್ನು ನೋಡಿ, ಗಾಳಿ ಇರುವಾಗ ಎಣ್ಣೆ ಸುಡುತ್ತಾನಲ್ಲ ಎಂದು ನಾವಿಕನ ಬಗ್ಗೆ ಬೇಸರಪಟ್ಟರು. ಆ ನಾವಿಕ ಐವತ್ತರ ಆಸುಪಾಸಿನವನು. ರಂಜಾನ್ ಮಾಸವಾದ್ದರಿಂದ ಉಪವಾಸವಿದ್ದ. ಅವನ ಸಹಾಯಕನೂ ಹಾಗೆಯೇ; ರುಚಿ ನೋಡದೆ ನಮಗೆ ಬದನೆಕಾಯಿ, ಮೀನು ಬೇಯಿಸಿ ಬಡಿಸುತ್ತಿದ್ದ. ಎರಡನೆಯ ದಿನದಿಂದ ಅಜ್ಜಿ ತಮ್ಮ ರಾತ್ರಿಯ ಊಟವನ್ನು ಅವರು ಖರ್ಜೂರ ಮುರಿಯುವ ಹೊತ್ತಿಗೆ ಹೊಂದಿಸಿಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ.

ನನ್ನ ಗಮನ ಹೆಚ್ಚಾಗಿ ಇದ್ದದ್ದು ಕುವೈತಿನ ತಂದೆಯ ಮೇಲೆ. ಬಿಡುವು ಎನ್ನುವುದೂ ಅಭ್ಯಾಸದಿಂದ ಬರಬೇಕಾದದ್ದು. ಮೊದಲ ದಿನವಿಡೀ ಅವರು ದೋಣಿಯ ಈ ತುದಿಯಿಂದ ಆ ತುದಿಗೆ ನಡೆದರು. ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ಕೇಳಿದರು. ಮಗನಿಗೆ ಜರ್ಮನಿಯ ಬ್ಯಾಂಕ್ ಖಾತೆಯ ವಿಷಯ ಹೇಳಿದರು, ಮತ್ತೆ ಅದನ್ನೇ ಹೇಳಿದರು. ಅವನು ಹೂಂಗುಟ್ಟಿದ. ಹನ್ನೆರಡರ ಮಗಳು ಅಪ್ಪನನ್ನು 'ನೀವು' ಎನ್ನುತ್ತಿದ್ದಳು, ಅಮ್ಮನನ್ನು 'ನೀನು' ಎನ್ನುತ್ತಿದ್ದಳು. ಇದು ಗೌರವವೆಂದು ನಾವು ಹೇಳಬಹುದು. ನನಗೆ ಹಾಗೆ ತೋರಲಿಲ್ಲ. ಫೋನಿನಲ್ಲಿ ಬೆಳೆದ ಸಂಬಂಧಕ್ಕೆ ಎದುರುಬದುರು ಕೂರಲು ಗೊತ್ತಾಗುವುದಿಲ್ಲ. ಗಲ್ಫ್ ರಾಷ್ಟ್ರಗಳ ದುಡಿಮೆಯಿಂದ ಹೆಂಚಿನ ಮನೆಗಳು ತಾರಸಿಯಾದುದನ್ನು ನಾವು ಪ್ರವಚನಗಳಲ್ಲಿ ಹೊಗಳುತ್ತೇವೆ. ಅದಕ್ಕೆ ತೆತ್ತ ಬೆಲೆ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ.

ಆ ಸಂಜೆ ಗೆಮಿಲೆರ್ ಎಂಬ ಪುಟ್ಟ ದ್ವೀಪದ ಬಳಿ ಲಂಗರು ಹಾಕಿದೆವು. ದ್ವೀಪದ ತುಂಬ ಹಾಳುಬಿದ್ದ ಪ್ರಾಚೀನ ಚರ್ಚುಗಳು. ಎದುರಿನ ಬೆಟ್ಟದಾಚೆ ಕಾಯಾಕೊಯ್ ಎಂಬ ಊರಿದೆ. ಅಲ್ಲಿದ್ದ ಗ್ರೀಕ್ ಕ್ರೈಸ್ತರು, 1923ರ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿ ತಮ್ಮ ತಮ್ಮ ಅಲ್ಪಸಂಖ್ಯಾತರನ್ನು ಅದಲುಬದಲು ಮಾಡಿಕೊಂಡಾಗ, ಊರು ತೊರೆಯಬೇಕಾಯಿತು. ಗ್ರೀಸಿನ ಮುಸ್ಲಿಮರು ಅದೇ ರೀತಿ ಇತ್ತ ಬಂದರು. ಕಾಯಾಕೊಯ್‌ನ ನೂರಾರು ಕಲ್ಲಿನ ಮನೆಗಳು ಸೂರಿಲ್ಲದೆ ಇಂದಿಗೂ ನಿಂತಿವೆ. ನಾವು ಅಲ್ಲಿಗೆ ನಡೆದು ಹೋಗಲಿಲ್ಲ, ಅಜ್ಜಿಗೆ ಮಂಡಿನೋವು. ರಾತ್ರಿ ದೋಣಿಯ ಮೇಲೆಯೇ ನಾನು ಈ ಕಥೆ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ಗಂಟೆ ಕೊಂಡುಹೋಗಲು ಬಿಟ್ಟರೇ?

ಮರುದಿನ ಪತರದ ಉದ್ದನೆಯ ಮರಳದಂಡೆಯನ್ನು ದೂರದಿಂದ ಕಂಡೆವು. ಸುಮಾರು 18 ಕಿಲೋಮೀಟರ್ ಉದ್ದ. ಕಡಲಾಮೆಗಳು ಮೊಟ್ಟೆಯಿಡುವ ಸ್ಥಳ. ಒಂದು ಕಾಲಕ್ಕೆ ಇದು ದೊಡ್ಡ ಬಂದರು, ನದಿಯ ಹೂಳು ಅದನ್ನು ಮುಚ್ಚಿತು. ಪ್ರೇಷಿತರ ಕಾರ್ಯಕಲಾಪಗಳ 21ನೆಯ ಅಧ್ಯಾಯದಲ್ಲಿ ಪೌಲರು ಇಲ್ಲಿಯೇ ಹಡಗು ಬದಲಿಸುತ್ತಾರೆ. ಗುರುಮಠದಲ್ಲಿ ಈ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು: ಕೋಸ್, ರೋದ, ಪತರ, ತೂರ್. ಗೋಡೆಯ ನಕಾಶೆಯಲ್ಲಿ ಅದೊಂದು ಕೆಂಪು ಗೆರೆ, ಅಷ್ಟೇ. ಆ ಗೆರೆಯ ಮೇಲೆ ಕೂತು ಅದೇ ಅಧ್ಯಾಯವನ್ನು ಓದಿದಾಗ, ಹಿಂದೆ ಲಕ್ಷ್ಯವಿಡದ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ತೂರ್ ಪಟ್ಟಣದಿಂದ ಪೌಲರು ಹೊರಟಾಗ ಅಲ್ಲಿನ ಭಕ್ತಾದಿಗಳು ಹೆಂಡತಿ ಮಕ್ಕಳ ಸಮೇತ ಕಡಲ ದಂಡೆಯವರೆಗೆ ಬಂದು, ಮೊಣಕಾಲೂರಿ ಪ್ರಾರ್ಥಿಸಿ, ಬೀಳ್ಕೊಟ್ಟರಂತೆ. ಹಡಗು ಹತ್ತುವವರು ಮರಳಿ ಬರುವರೆಂದು ಯಾರಿಗೂ ಖಾತ್ರಿಯಿಲ್ಲದ ಕಾಲ. ಓದಿ ಮುಗಿಸಿದಾಗ ತಾಯಿ ಮಗನ ಕಡೆ ನೋಡಿದ್ದನ್ನು ನಾನು ಗಮನಿಸಿದೆ. ಏನೂ ಹೇಳಲಿಲ್ಲ.

ಮೂರನೆಯ ದಿನ ಕಾಶ್ ಎಂಬ ಊರಿನ ಮುಂದೆ ಬಂದೆವು. ಎದುರಿಗೆ, ಎರಡೇ ಕಿಲೋಮೀಟರ್ ಆಚೆ, ಬಣ್ಣಬಣ್ಣದ ಮನೆಗಳ ಒಂದು ದ್ವೀಪ. ತುರ್ಕಿಯವರು ಅದನ್ನು ಮೇಯಿಸ್ ಎನ್ನುತ್ತಾರೆ, ಗ್ರೀಕರು ಕಾಸ್ಟೆಲೊರಿಜೊ ಎನ್ನುತ್ತಾರೆ. ಅದು ಗ್ರೀಸ್ ದೇಶದ್ದು. ಅಷ್ಟರಲ್ಲಿ ತಂದೆಯ ಮೊಬೈಲು ಸದ್ದು ಮಾಡಿತು: ಗ್ರೀಸ್‌ಗೆ ಸ್ವಾಗತ! ಮಗಳು ಚಪ್ಪಾಳೆ ತಟ್ಟಿ, ಊಟಕ್ಕೆ ಅಲ್ಲಿಗೇ ಹೋಗೋಣ ಎಂದಳು. ನಾವಿಕ ನಕ್ಕು ತಲೆಯಾಡಿಸಿದ. ನಮ್ಮ ಪಾಸ್‌ಪೋರ್ಟುಗಳಿಗೆ ಯುರೋಪಿನ ವೀಸಾ ಇರಲಿಲ್ಲ. ಮಗನಿಗೂ ಇನ್ನೂ ಬಂದಿರಲಿಲ್ಲ. ಫೋನಿಗೆ ಸಿಕ್ಕ ಸ್ವಾಗತ ಮನುಷ್ಯರಿಗೆ ಸಿಗದು. ಈಜಿಕೊಂಡೇ ಹೋಗಬಹುದಲ್ಲ ಎಂದು ಅವಳು ವಾದಿಸಿದಳು. ಹಾಗೆ ಹೋಗಲು ಹೊರಟವರಿದ್ದಾರೆ ಎಂದು ನಾವಿಕ ತನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿ, ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದ.

ನಿಮಗೂ ನೆನಪಿರಬಹುದು. 2015ರ ಸೆಪ್ಟೆಂಬರ್ 2ರಂದು ಸಿರಿಯದ ಒಂದು ಕುಟುಂಬ, ಇದೇ ಕರಾವಳಿಯ ಪಶ್ಚಿಮಕ್ಕಿರುವ ಬೊದ್ರುಮ್‌ನ ಕಡೆಯಿಂದ, ಕೆಲವೇ ಕಿಲೋಮೀಟರ್ ದೂರದ ಕೋಸ್ ದ್ವೀಪಕ್ಕೆ ರಬ್ಬರಿನ ಸಣ್ಣ ದೋಣಿಯಲ್ಲಿ ಹೊರಟಿತು. ಪೌಲರು ತಂಗಿದ ಅದೇ ಕೋಸ್. ದೋಣಿ ಮಗುಚಿತು. ತಾಯಿಯೂ ಇಬ್ಬರು ಗಂಡುಮಕ್ಕಳೂ ಮುಳುಗಿದರು, ತಂದೆ ಮಾತ್ರ ಉಳಿದರು. ಕಿರಿಯ ಮಗ ಅಲಾನ್ ಕುರ್ದಿ ಕೆಂಪು ಅಂಗಿ, ನೀಲಿ ಚಡ್ಡಿಯಲ್ಲಿ ಮರಳಿನ ಮೇಲೆ ಮುಖವಡಿಯಾಗಿ ಮಲಗಿದ್ದ ಚಿತ್ರವನ್ನು ಲೋಕವೆಲ್ಲ ನೋಡಿತು.

ಮಗಳ ಮುಂದೆ ಇದನ್ನು ಹೇಳಬೇಕೇ ಎಂಬುದರಲ್ಲಿ ದೋಣಿಯಲ್ಲಿ ಒಮ್ಮತವಿರಲಿಲ್ಲ. ರಜೆಗೆ ಬಂದಿದ್ದೇವೆ, ಮಗುವಿನ ಮನಸ್ಸು ಕೆಡಿಸುವುದೇಕೆ ಎಂದು ತಂದೆ ಮೆಲ್ಲನೆ ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅವರು 22 ವರ್ಷ ಕಾದು ಕೊಂಡ ನಾಲ್ಕು ದಿನಗಳವು. ಆದರೂ ಹನ್ನೆರಡು ವರ್ಷದವಳು ತಾನಾಗಿ ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬಾರದೆಂಬುದೇ ನನ್ನ ಅಭಿಪ್ರಾಯ. ಕೊನೆಗೆ ಹೇಳಿದ್ದು ನಾನಲ್ಲ, ಅವಳ ಅಣ್ಣ. ಚಿಕ್ಕದಾಗಿ, ಅಲಂಕಾರವಿಲ್ಲದೆ ಹೇಳಿದ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಇಷ್ಟು ಹತ್ತಿರದಲ್ಲಿಯೇ ಮುಳುಗಿದರೇ ಎಂದು ನಾವ್ಯಾರಾದರೂ ಅಚ್ಚರಿಪಡುವ ಮೊದಲೇ ಮಾತೆತ್ತಿದರು: "ನಮ್ಮ ಅಳಿವೆಯ ಬಾಯಿ ಎಷ್ಟು ದೂರ? ಕೂಗಿದರೆ ಕೇಳಿಸುತ್ತದೆ. ಅಲ್ಲಿಯೇ ನನ್ನ ಅಣ್ಣ ಹೋದದ್ದು. ದೂರಕ್ಕೆ ಯಾರೂ ಸಾಯುವುದಿಲ್ಲ, ಭಾರಕ್ಕೆ ಸಾಯುತ್ತಾರೆ. ಆ ದೋಣಿಯಲ್ಲಿ ಎಷ್ಟು ಜನರನ್ನು ತುಂಬಿದ್ದರು?"

ಅವರ ಅಣ್ಣನ ವಿಷಯ ಮಗನಿಗೇ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಲು ನಾವಿಕ ತಾನಾಗಿಯೇ ಮುಂದಾದ. ವಾಯವ್ಯದ ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಎಂಜಿನ್ ನಿಂತಾಗ ಆಗುವ ಮೌನವನ್ನು ನಿಮಗೆ ಹೇಗೆ ವರ್ಣಿಸಲಿ? ಹಗ್ಗದ ಕಿರುಗುಟ್ಟುವಿಕೆ, ಮರಕ್ಕೆ ನೀರು ಬಡಿಯುವ ಸದ್ದು, ಅಷ್ಟೇ. ಆ ಮೌನದಲ್ಲಿ ಅಜ್ಜಿ ಸುಮಾರು ಎರಡು ಗಂಟೆ ಮಾತನಾಡಿದರು. ಅಣ್ಣನ ದೋಣಿ, ಆ ವರ್ಷದ ಮುಂಗಾರು, ಅವರ ತಾಯಿ ವರ್ಷಗಟ್ಟಲೆ ಮೀನು ತಿನ್ನದೆ ಇದ್ದದ್ದು. ತಂದೆ ನಡೆದಾಡುವುದನ್ನು ಬಿಟ್ಟು ತಾಯಿಯ ಕಾಲಬುಡದಲ್ಲಿ ಹಲಗೆಯ ಮೇಲೆ ಕೂತಿದ್ದರು. ಮಗಳು ಅವರ ತೋಳಿಗೆ ಒರಗಿದ್ದಳು. ಯಾವಾಗ ಒರಗಿದಳೆಂದು ನಾನು ನೋಡಲಿಲ್ಲ. ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ಅಂದು ಯಾರೂ ಕೇಳಲಿಲ್ಲ.

2016ರ ಏಪ್ರಿಲ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಗ್ರೀಸಿನ ಲೆಸ್ಬೋಸ್ ದ್ವೀಪಕ್ಕೆ ಹೋಗಿ, ಮರಳುವಾಗ ಸಿರಿಯದ ಮೂರು ಮುಸ್ಲಿಂ ಕುಟುಂಬಗಳ 12 ಮಂದಿಯನ್ನು ತಮ್ಮ ವಿಮಾನದಲ್ಲೇ ರೋಮಿಗೆ ಕರೆದೊಯ್ದರು. ಲಕ್ಷಾಂತರ ಜನರಲ್ಲಿ 12 ಮಂದಿ ಯಾವ ಲೆಕ್ಕ ಎಂದು ಆಗ ಕೆಲವರು ಟೀಕಿಸಿದ್ದುಂಟು. ಒಂದು ಮನೆಯವರು ಒಂದೇ ದೋಣಿಯಲ್ಲಿ ಜೊತೆಯಾಗಿರುವುದನ್ನು ನಾಲ್ಕು ದಿನ ಹತ್ತಿರದಿಂದ ನೋಡಿದ ಮೇಲೆ ನನಗೆ ಆ ಟೀಕೆ ಹಗುರವಾಗಿ ತೋರುತ್ತದೆ.

ಕೊನೆಯ ದಿನ ಬೆಳಗ್ಗೆ ಕೆಕೊವಾ ದ್ವೀಪದ ಬದಿಯಲ್ಲಿ ನಿಧಾನವಾಗಿ ಸಾಗಿದೆವು. ಭೂಕಂಪಗಳಿಂದ ನೆಲ ಕುಸಿದು ಪ್ರಾಚೀನ ಪಟ್ಟಣವೊಂದರ ಅರ್ಧ ನೀರಿನಡಿ ಸೇರಿದೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ನೇರ ಕಡಲಿನೊಳಕ್ಕೆ ಇಳಿಯುತ್ತವೆ. ಮುಳುಗಿದ ಭಾಗದಲ್ಲಿ ಈಜುವುದು ನಿಷಿದ್ಧ. ಎದುರಿನ ಕಾಲೆಕೊಯ್ ಹಳ್ಳಿಯ ದಡದಲ್ಲಿ ಕಲ್ಲಿನ ಸಮಾಧಿಪೆಟ್ಟಿಗೆಯೊಂದು ನೀರಿನ ನಡುವೆ ನಿಂತಿದೆ. ನೋಡಲು ಸೊಗಸು, ಹೆಚ್ಚೇನೂ ಹೇಳಲಾರೆ.

ಮಧ್ಯಾಹ್ನಕ್ಕೆ ಆಂದ್ರಿಯಾಕೆ. ನಮ್ಮ ಬೈಬಲಿನಲ್ಲಿ ಮುರ ಎಂದು ಬರುವ ಮೈರಾ ಪಟ್ಟಣದ ಬಂದರು ಇದು. ಸೆರೆಯಾಳು ಪೌಲರನ್ನು ಶತಾಧಿಪತಿ ಇಲ್ಲಿ ಅಲೆಕ್ಸಾಂಡ್ರಿಯದ ಹಡಗಿಗೆ ಹತ್ತಿಸಿದ. ಈಜಿಪ್ಟಿನ ಗೋಧಿಯ ಹಡಗುಗಳು ಎದುರುಗಾಳಿಯಿಂದಾಗಿ ನೇರ ರೋಮಿಗೆ ಹೋಗಲಾರದೆ ಉತ್ತರಕ್ಕೆ ಈ ದಂಡೆಗೆ ಬಂದು, ಬಳಿಕ ಪಶ್ಚಿಮಕ್ಕೆ ತಿರುಗುತ್ತಿದ್ದವು. ಆ ಹಡಗಿನಲ್ಲಿ 276 ಮಂದಿ ಇದ್ದರೆಂದು ಲೂಕರು ಬರೆಯುತ್ತಾರೆ. ಅಜ್ಜಿ ಆ ಸಂಖ್ಯೆ ಕೇಳಿ ಹುಬ್ಬೇರಿಸಿದರು. ಈ ಮೈರಾಕ್ಕೇ ನಾಲ್ಕನೆಯ ಶತಮಾನದಲ್ಲಿ ಸಂತ ನಿಕೋಲಾಸರು ಧರ್ಮಾಧ್ಯಕ್ಷರಾಗಿದ್ದದ್ದು. ಕ್ರಿಸ್ಮಸ್ ತಾತನೆಂದು ಮಕ್ಕಳು ಬಲ್ಲ ಅವರು ಮೊದಲಿಗೆ ನಾವಿಕರ ಪಾಲಕ ಸಂತರು. ಅವರ ಅಸ್ಥಿಗಳನ್ನು 1087ರಲ್ಲಿ ಇಟಲಿಯ ಬಾರಿಯ ನಾವಿಕರೇ ಹೊತ್ತೊಯ್ದರು!

ಹಡಗುಕಟ್ಟೆಯಲ್ಲಿ ಸಾಮಾನು ಇಳಿಸುವಾಗ ಅಜ್ಜಿ, ಮೊಮ್ಮಗಳ ಮೂಲಕ, ನಾವಿಕನನ್ನು ಕೇಳಿಸಿದರು: ನಿನ್ನ ಹೆಂಡತಿ ಮಕ್ಕಳನ್ನು ಈ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದೀಯಾ? ಬೇಸಿಗೆಯಲ್ಲಿ ಬಿಡುವೆಲ್ಲಿ ಎಂದ ಅವನು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಂದು ಗುಂಪು ಇಳಿದರೆ ಇನ್ನೊಂದು ಹತ್ತುತ್ತದೆ. ಚಳಿಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಬಣ್ಣ ಹೊಡೆಯುತ್ತಾ ಮನೆಯಲ್ಲಿಯೇ ಇರುತ್ತಾನಂತೆ. ಮಗಳು ಅದನ್ನು ಕನ್ನಡಕ್ಕೆ ತಂದಳು.

"ಆರು ತಿಂಗಳು ಮನೆಯಲ್ಲೇ?" ಎಂದು ಅವಳ ತಂದೆ ಕೇಳಿದರು. ನಾವಿಕ ಹೌದೆಂದು ತಲೆಯಾಡಿಸಿ, ಅವರ ಚೀಲವನ್ನು ಕೈಗಿತ್ತ.