ಉಸ್ತಾದರು ಹತ್ತು ಎಣಿಸಿದ ಕಥೆ

ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಕಾರಟಗಿ ಸೀಮೆಯಲ್ಲಿ ಟ್ರ್ಯಾಕ್ಟರು ಕೆಟ್ಟು ನಿಲ್ಲಬಾರದು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಾಗಿ ಎಡದಂಡೆ ಕಾಲುವೆಯ ಕೆಳಗೆ ನೆಲ್ಲು ಬೆಳೆಯತೊಡಗಿದ ಮೇಲೆ ಅಲ್ಲಿಯ ಬದುಕೆಲ್ಲ ನೀರು ಬಿಡುವ ತಾರೀಖಿಗೆ ಒಗ್ಗಿಕೊಂಡಿದೆ. ಮಡಿಯಲ್ಲಿ ಸಸಿ 25–30 ದಿನದ್ದಾಗುವ ಹೊತ್ತಿಗೆ ಗದ್ದೆ ಕೆಸರಾಗಿರಬೇಕು, ಹಚ್ಚುವ ಆಳುಗಳು ಬಂದು ಇಳಿಯಬೇಕು. ಸಸಿ ಮಡಿಯಲ್ಲೇ ಬಲಿತರೆ ಆಮೇಲೆ ತೆಂಡೆ ಒಡೆಯುವುದು ಕಡಿಮೆ, ಪೆಟ್ಟು ನೇರ ಇಳುವರಿಗೆ. ಅಂಥ ಹೊತ್ತಿನಲ್ಲೇ ನಮ್ಮ ದೊಡ್ಡಪ್ಪನ ಟ್ರ್ಯಾಕ್ಟರು ಹಿಂದಕ್ಕೆ ಹೋಗಲು ತಕರಾರು ತೆಗೆಯಿತು.

ನಾನಾಗ ಡಿಗ್ರಿ ಮುಗಿಸಿ ಊರಿನಲ್ಲಿದ್ದೆ. ಗಾಡಿ ಹಳೆಯದು. ಮುಂದಕ್ಕೆ ಎಂಟು, ಹಿಂದಕ್ಕೆ ಎರಡು ಗೇರು, ಲಿವರು ಎರಡು ಮೊಣಕಾಲುಗಳ ನಡುವೆ. ಹಿಂದಿನ ಟೈರಿಗೆ ಕೇಜ್‌ವೀಲ್ ಕಟ್ಟಿ ಕೆಸರಿಗೆ ಇಳಿಸಿದರೆ ಪ್ರತಿ ಮೂಲೆಯಲ್ಲೂ ಬದುವಿನ ತನಕ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಬೇಕು. ರಸ್ತೆಯ ಮೇಲೆ ದಿನಕ್ಕೆ ನಾಲ್ಕು ಸಲ ರಿವರ್ಸ್ ಹಾಕುವ ಗಾಡಿಗೆ ಇಲ್ಲಿ ತಾಸಿಗೆ ಹತ್ತಾರು ಸಲ ಅದೇ ಕೆಲಸ. ಹಾಗಾಗಿ ರಸ್ತೆಯಲ್ಲಿ ಗೊತ್ತೇ ಆಗದ ಬೇನೆ ಗದ್ದೆಯಲ್ಲಿ ಮೊದಲ ದಿನವೇ ಹೊರಬೀಳುತ್ತದೆ.

ಬಿದ್ದದ್ದೂ ಹಾಗೆಯೇ. ಡ್ರೈವರು ಕ್ಲಚ್ ಒತ್ತಿ ಲಿವರನ್ನು ರಿವರ್ಸಿಗೆ ಎಳೆದ ಕೂಡಲೇ ಗರ್ರ್ ಎಂಬ ಸದ್ದು. ಹಿಟ್ಟಿನ ಗಿರಣಿಗೆ ಮೊಳೆ ಸಿಕ್ಕ ಹಾಗೆ. ಬದುವಿನ ಮೇಲೆ ನಿಂತ ನನ್ನ ಹಲ್ಲುಗಳೇ ಜುಮ್ಮೆಂದವು. ನಾಲ್ಕೈದು ಸಲ ಎಳೆದ ಮೇಲೆ ಹೇಗೋ ಗೇರು ಬೀಳುತ್ತಿತ್ತು. ಮುಂದಿನ ಗೇರಿಗೂ ಅದೇ ಪಾಡು, ಸದ್ದು ಮಾತ್ರ ಸ್ವಲ್ಪ ಕಮ್ಮಿ. ಡ್ರೈವರು ಒಳ್ಳೆಯವನು, ಗಾಡಿಯನ್ನು ಸ್ವಂತದ್ದರಂತೆ ನೋಡಿಕೊಳ್ಳುವವನು. ಮಧ್ಯಾಹ್ನ ಸ್ಪ್ಯಾನರ್ ಹಿಡಿದು ಕೆಳಗೆ ಕೂತು ಕ್ಲಚ್ ರಾಡನ್ನು ಪೂರ್ತಿ ಬಿಗಿದ. ಏನೂ ಫರಕಾಗಲಿಲ್ಲ. ಪಟ್ಟಣದ ಒಂದು ವರ್ಕ್‌ಶಾಪಿನವರು ಬಂದು ಸದ್ದು ಕೇಳಿ, ‘ರಿವರ್ಸ್ ಗೇರು ಹೋಗೇತ್ರಿ, ಗೇರ್‌ಬಾಕ್ಸ್ ಪೂರಾ ಇಳಿಸಬೇಕು’ ಎಂದು ಹೇಳಿ, ತರಿಸಬೇಕಾದ ಸಾಮಾನಿನ ಚೀಟಿ ಬರೆದುಕೊಟ್ಟರು. ದೊಡ್ಡಪ್ಪ ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, ‘ಉಸ್ತಾದ್‌ನ ಕರ್ಕೊಂಡ್ ಬಾ’ ಎಂದರು.

ಉಸ್ತಾದ್ ಎಂದರೆ ಆ ಸೀಮೆಗೆಲ್ಲ ಒಬ್ಬರೇ. ಕಾಲುವೆಯ ಎರಡೂ ಕಡೆಯ ಊರುಗಳು, ಕ್ಯಾಂಪುಗಳು, ಎಲ್ಲೆಲ್ಲೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಸೈಕಲ್ಲಿನ ಕ್ಯಾರಿಯರಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಸಂಜೆಗೆ ಬಂದರು. ಪೆಟ್ಟಿಗೆ ಬಿಚ್ಚಲಿಲ್ಲ. ಮೊದಲು ಚಹಾ ಕುಡಿದರು, ಡ್ರೈವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು: ‘ಇಂಜಿನ್ ಬಂದ್ ಮಾಡಿ ಗೇರ್ ಹಾಕಿ ನೋಡೀಯೇನು?’

ನೋಡಿರಲಿಲ್ಲ. ಉಸ್ತಾದ್ ತಾವೇ ಹತ್ತಿ ಕೂತು, ಇಂಜಿನ್ ಬಂದ್ ಇದ್ದಂತೆಯೇ ಲಿವರನ್ನು ಒಂದೊಂದೇ ಗೇರಿಗೆ ಹಾಕಿದರು. ಎಲ್ಲ ಗೇರೂ ಸಲೀಸಾಗಿ ಬಿದ್ದವು, ರಿವರ್ಸ್ ಕೂಡ. ‘ಗೌಡ್ರ, ಲಿವರ್, ಫೋರ್ಕ್ ಎಲ್ಲಾ ಚಲೋ ಅದಾವು’ ಎಂದರು. ಆಮೇಲೆ ಕ್ಲಚ್ ಪೆಡಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರು. ಪೆಡಲು ಮೊದಲ ಒಂದಿಂಚಿನಷ್ಟು, 20ರಿಂದ 30 ಮಿಲಿಮೀಟರು, ಖಾಲಿಯಾಗಿ ಇಳಿಯಬೇಕು. ಅಷ್ಟು ಆಟ ಇದ್ದರೇನೇ ಕಾಲು ತೆಗೆದಾಗ ರಿಲೀಸ್ ಬೇರಿಂಗು ಕ್ಲಚ್ಚಿನ ಬೆರಳುಗಳಿಂದ ದೂರ ನಿಲ್ಲುವುದು. ಡ್ರೈವರು ಬಿಗಿದದ್ದರಿಂದ ಆಟವೇ ಉಳಿದಿರಲಿಲ್ಲ. ಹಾಗೇ ಓಡಿಸಿದ್ದರೆ ಬೇರಿಂಗು ಸದಾ ತಿರುಗಿ ತಿರುಗಿ ಸವೆದು ಇನ್ನೊಂದು ಖರ್ಚಿಗೆ ದಾರಿಯಾಗುತ್ತಿತ್ತು. ಉಸ್ತಾದ್ ರಾಡನ್ನು ಮೊದಲಿನ ಹದಕ್ಕೆ ತಂದರು.

ನಂತರ ಇಂಜಿನ್ ಶುರು ಮಾಡಿದರು. ಗಾಡಿ ನ್ಯೂಟ್ರಲ್‌ನಲ್ಲಿತ್ತು. ಕ್ಲಚ್ಚನ್ನು ತಳದವರೆಗೆ ಒತ್ತಿ ಹಿಡಿದು ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು... ಹತ್ತರವರೆಗೂ ಎಣಿಸಿದರು. ನಾವೆಲ್ಲ ಸುತ್ತ ನಿಂತು ಕೇಳುತ್ತಿದ್ದೆವು. ಹತ್ತು ಆದ ಮೇಲೆ ಲಿವರನ್ನು ರಿವರ್ಸಿಗೆ ತಂದರು. ಗರ್ರ್!

ಈ ಎಣಿಕೆಯ ಗುಟ್ಟನ್ನು ಅವರು ಆಗಲೇ ನನಗೆ ಬಿಡಿಸಿ ಹೇಳಿದರು. ಇಂಜಿನ್ನಿನ ತಿರುಗು ಕ್ಲಚ್ ಪ್ಲೇಟಿನ ಮೂಲಕ ಒಂದು ಶಾಫ್ಟಿಗೆ ಬಂದು, ಆ ಶಾಫ್ಟು ಗೇರ್‌ಬಾಕ್ಸಿನ ಒಳಗೆ ಹೋಗುತ್ತದೆ. ಕ್ಲಚ್ ಒತ್ತಿದಾಗ ಪ್ಲೇಟು ಬಿಡುಗಡೆಯಾಗಿ, ಶಾಫ್ಟೂ ಅದರ ಜೊತೆಯ ಗೇರುಗಳೂ ಗೇರ್‌ಆಯಿಲ್ಲಿನಲ್ಲಿ ನಿಧಾನವಾಗಿ ನಿಲ್ಲಬೇಕು. ಗಾಡಿ ನಿಂತಿದೆ ಎಂದರೆ ಚಕ್ರದ ಕಡೆಯ ಗೇರುಗಳೂ ನಿಂತಿವೆ. ಎರಡೂ ನಿಂತಾಗಲೇ ಹಲ್ಲಿಗೆ ಹಲ್ಲು ಕೂಡುವುದು. ಹತ್ತು ಎಣಿಸುವಷ್ಟು ಹೊತ್ತು ಕಾದರೂ ಸದ್ದು ಬಂತು ಅಂದರೆ ಆ ಶಾಫ್ಟನ್ನು ಯಾವುದೋ ಇನ್ನೂ ತಿರುಗಿಸುತ್ತಿದೆ. ಅರಚುತ್ತಿದ್ದದ್ದು ಗೇರಿನ ಹಲ್ಲು, ಆದರೆ ಬೇನೆ ಅದರ ಮುಂದೆಲ್ಲೋ ಇತ್ತು. ಗೇರ್‌ಬಾಕ್ಸ್ ಇಳಿಸಿ ಹೊಸ ಗೇರು ಕೂರಿಸಿದ್ದರೂ ಮರುದಿನ ಇದೇ ಸದ್ದು ಬರುತ್ತಿತ್ತು.

ತಿರುಗಿಸುತ್ತಿರುವುದು ಯಾವುದು? ಇಲ್ಲಿ ಅವರು ಮಾಡಿದ್ದನ್ನು ನೆನೆದರೆ ನನಗೆ ಇಂದಿಗೂ ಅಭಿಮಾನ ಉಕ್ಕುತ್ತದೆ. ಇಂಜಿನ್ ಬಂದ್ ಮಾಡಿ ಗಾಡಿಯನ್ನು ಲೋ ರಿವರ್ಸಿಗೆ ಹಾಕಿದರು. ‘ಹಿಂದ ಮುಂದ ಯಾರೂ ನಿಂದ್ರಬ್ಯಾಡ್ರಿ’ ಎಂದು ಎಲ್ಲರನ್ನೂ ದೂರ ಕಳಿಸಿದರು. ಬ್ರೇಕಿನ ಮೇಲೆ ಒಂದು ಕಾಲು, ಕ್ಲಚ್ ತಳಕ್ಕೆ ಒತ್ತಿ ಇನ್ನೊಂದು ಕಾಲು, ಗೇರಿನಲ್ಲಿ ಇದ್ದಂತೆಯೇ ಸೆಲ್ಫ್ ಹೊಡೆದರು. ಇಂಜಿನ್ ಹತ್ತಿಕೊಂಡಿತು. ಬ್ರೇಕಿನಿಂದ ಕಾಲನ್ನು ಮೆಲ್ಲಗೆ ಸಡಿಲಿಸಿದರು. ಗಾಡಿ ಒಂದಿಂಚೂ ಅಲುಗಲಿಲ್ಲ.

‘ಪ್ಲೇಟ್ ಫ್ಲೈವೀಲಿಗೆ ತುಕ್ಕು ಹಿಡದು ಅಂಟಿದ್ರ ಗಾಡಿ ಜಿಗಿತಿತ್ತು’ ಎಂದರು ಉಸ್ತಾದ್. ‘ಜಿಗೀಲಿಲ್ಲ. ಅಂದ್ರ ಪ್ಲೇಟ್ ಬಿಡ್ತೈತಿ. ಸಣ್ಣದೇನೋ ಶಾಫ್ಟಿನ ಮೂತಿ ಹಿಡಕೊಂಡು ತಿರುವ್ತೈತಿ. ಗಾಡಿ ದೂಡೂ ಶಕ್ತಿ ಅದಕ್ಕಿಲ್ಲ, ಖಾಲಿ ಶಾಫ್ಟ್ ತಿರುವೂ ಶಕ್ತಿ ಐತಿ.’

ಶಾಫ್ಟಿನ ಮೂತಿ ಕೂರುವುದು ಫ್ಲೈವೀಲಿನ ನಟ್ಟನಡುವೆ ಇರುವ ಪೈಲಟ್ ಬೇರಿಂಗಿನಲ್ಲಿ. ಫ್ಲೈವೀಲು ತಿರುಗುತ್ತಿದ್ದರೂ ಕ್ಲಚ್ ಒತ್ತಿದಾಗ ಶಾಫ್ಟು ನಿಲ್ಲಲು ಬಿಡುವುದೇ ಆ ಬೇರಿಂಗಿನ ಕೆಲಸ. ಅದು ಹಿಡಿದುಕೊಂಡರೆ ಕ್ಲಚ್ ಎಷ್ಟು ಒತ್ತಿದರೂ ಶಾಫ್ಟು ಫ್ಲೈವೀಲಿನ ಜೊತೆಗೇ ಸುತ್ತುತ್ತದೆ. ಉಸ್ತಾದ್ ಇನ್ನೂ ಒಂದು ಸಾಕ್ಷಿ ತೋರಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕ್ಲಚ್ ಹೌಸಿಂಗಿನ ಮೇಲಿಟ್ಟು ಹಿಡಿಯನ್ನು ನನ್ನ ಕಿವಿಗೆ ಕೊಟ್ಟರು. ಡ್ರೈವರು ಮೇಲೆ ಕೂತಿದ್ದ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದಾಗ ಏನೂ ಇಲ್ಲ. ಗೇರಿಗೆ ಬಿದ್ದು ಶಾಫ್ಟು ನಿಂತ ಕೂಡಲೇ ಒಳಗಿನಿಂದ ಸಣ್ಣಗೆ, ಎಳೆದಂತೆ, ಕೀ... ಎಂಬ ಕೂಗು. ಶಾಫ್ಟು ಜೊತೆಗೇ ಸುತ್ತುವಾಗ ಬೇರಿಂಗಿಗೆ ಕೆಲಸವಿಲ್ಲ, ಹಾಗಾಗಿ ಸುಮ್ಮನಿರುತ್ತದೆ. ಗೇರು ಶಾಫ್ಟನ್ನು ಹಿಡಿದು ನಿಲ್ಲಿಸಿದಾಗ ಒಳಬಳೆ ನಿಂತು ಹೊರಬಳೆ ಓಡುತ್ತದೆ, ಆಗ ಕೂಗುತ್ತದೆ.

ಇಷ್ಟಾದ ಮೇಲೆ ಗಾಡಿಯ ಕೆಳಗೆ ತೂರಿದರು. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗೆ ಸೇರಿದ ನೀರು, ಎಣ್ಣೆ ಸೋರಿ ಹೋಗಲೆಂದೇ ಬಿಟ್ಟದ್ದು. ಅದರಲ್ಲಿ ಸಡಿಲವಾಗಿ ಒಂದು ಸ್ಪ್ಲಿಟ್ ಪಿನ್ ಜೋತುಬಿದ್ದಿರುತ್ತದೆ. ಗಾಡಿ ಅದುರಿದಾಗಲೆಲ್ಲ ಪಿನ್ನು ಆಡುವುದರಿಂದ ತೂತು ಕಟ್ಟಿಕೊಳ್ಳುವುದಿಲ್ಲ. ನಮ್ಮ ಗಾಡಿಯಲ್ಲಿ ಪಿನ್ನಿನ ಬದಲು ಬಟ್ಟೆ ಸುತ್ತಿದ ಕಟ್ಟಿಗೆಯ ಬೆಣೆಯಿತ್ತು. ಉಸ್ತಾದ್ ಅದನ್ನು ಇಕ್ಕಳದಿಂದ ಎಳೆದರು. ಕಂದು ಬಣ್ಣದ ನೀರು ಅವರ ಮುಂಗೈ ಮೇಲೆ ಹರಿಯಿತು. ಅದನ್ನು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ನಮಗೂ ತೋರಿಸಿದರು. ಕರಿ ಎಣ್ಣೆ ಬಂದಿದ್ದರೆ ಇಂಜಿನ್ನಿನ ಹಿಂದಿನ ಸೀಲು, ಗಂಧಕದ ವಾಸನೆಯ ದಪ್ಪ ಎಣ್ಣೆಯಾಗಿದ್ದರೆ ಗೇರ್‌ಬಾಕ್ಸಿನ ಮುಂದಿನ ಸೀಲು. ಇದು ಗದ್ದೆಯ ನೀರು, ತುಕ್ಕು ಕದಡಿದ್ದು.

ಬೆಣೆ ಬಡಿದವನು ಡ್ರೈವರೇ. ಹಿಂದಿನ ಹಂಗಾಮಿನಲ್ಲಿ ಕೆಸರು ಒಳಗೆ ಹೋಗದಿರಲೆಂದು ಬಡಿದಿದ್ದ, ಗದ್ದೆ ಕೆಲಸ ಮುಗಿದ ಮೇಲೂ ಅದು ಹಾಗೆಯೇ ಉಳಿಯಿತು. ಕ್ಲಚ್ ಫೋರ್ಕಿನ ಪಕ್ಕದ ಹರಿದ ರಬ್ಬರಿನಿಂದ ಒಳಹೋದ ನೀರಿಗೆ ಹೊರಬರುವ ದಾರಿ ಇರಲಿಲ್ಲ. ಅವನ ಮುಖ ಸಪ್ಪಗಾಯಿತು. ಉಸ್ತಾದ್ ಅವನ ಹೆಗಲ ಮೇಲೆ ಕೈಯಿಟ್ಟು, ‘ಗದ್ದಿಗಿ ಇಳಿಸೂವಾಗ ಮುಚ್ಚೂದು ಸರಿ ಐತೋ ತಮ್ಮಾ. ಮ್ಯಾಲ ಬಂದ ಕೂಡ್ಲೆ ತಗೀಬೇಕು, ಅಷ್ಟ’ ಎಂದರು.

ಕೇಜ್‌ವೀಲ್ ಕಳಚಿ, ಗೇರಿನಲ್ಲಿಟ್ಟೇ ಸೆಲ್ಫ್ ಹೊಡೆದು ಗಾಡಿಯನ್ನು ಮನೆಯ ಮುಂದಿನ ಕಣಕ್ಕೆ ತಂದೆವು. ಬೇರಿಂಗು ಸಣ್ಣದು, ಆದರೆ ಅದನ್ನು ಮುಟ್ಟಲು ಗಾಡಿಯನ್ನೇ ಎರಡು ಪಾಲು ಮಾಡಬೇಕು. ಮುಂದಿನ ಆಕ್ಸಲ್ಲಿಗೆ ಎರಡೂ ಬದಿ ಕಟ್ಟಿಗೆಯ ಬೆಣೆ ಹೊಡೆದರು, ಇಲ್ಲದಿದ್ದರೆ ಬೇರೆಯಾದ ಇಂಜಿನ್ ಪಕ್ಕಕ್ಕೆ ವಾಲಿ ಬೀಳುತ್ತದೆ. ಗೇರ್‌ಬಾಕ್ಸಿನ ಕೆಳಗೆ ದಿಮ್ಮಿ ಕೊಟ್ಟರು, ಇಂಜಿನ್ನಿಗೆ ಬೇವಿನ ಮರದಿಂದ ಚೈನ್‌ಬ್ಲಾಕ್ ಇಳಿಬಿಟ್ಟರು. ವೈರು, ಡೀಸೆಲ್ ಪೈಪು, ಸ್ಟೇರಿಂಗ್ ರಾಡು ಬಿಚ್ಚಿ, ಸುತ್ತಲಿನ ಬೋಲ್ಟ್ ತೆಗೆದು ಮುಂದಿನ ಭಾಗವನ್ನು ಮೆಲ್ಲಗೆ ದೂಡಿದಾಗ ಕ್ಲಚ್ಚು ಬಲ್ಬಿನ ಬೆಳಕಿಗೆ ಬಂತು. ಪ್ಲೇಟಿನ ಅಂಚಿಗೆ ತೆಳ್ಳಗೆ ತುಕ್ಕು ಹತ್ತಿತ್ತು. ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿ ನೋಡಿದೆ, ಅಲುಗಲಿಲ್ಲ.

ಅದನ್ನು ಕಿತ್ತ ರೀತಿಯೂ ಸೊಗಸು. ಬೇರಿಂಗಿನ ಹಿಂದಿನ ಗುಳಿ ತುಂಬುವವರೆಗೆ ಗ್ರೀಸ್ ತುರುಕಿದರು. ತೂತಿಗೆ ಸರಿಯಾಗಿ ಕೂರುವ ಹಳೆಯ ಶಾಫ್ಟಿನ ತುಂಡನ್ನಿಟ್ಟು ಸುತ್ತಿಗೆಯಿಂದ ಹೊಡೆದರು. ಹೋಗಲು ಬೇರೆ ಜಾಗವಿಲ್ಲದ ಗ್ರೀಸು ಹಿಂದಿನಿಂದ ಒತ್ತಿ ಬೇರಿಂಗನ್ನು ಹೊರಗೆ ತಳ್ಳಿತು. ಎರಡೂ ಕಡೆ ರಬ್ಬರ್ ಸೀಲ್ ಇರುವ ಹೊಸ ಬೇರಿಂಗು ಕೂರಿಸಿ, ಶಾಫ್ಟಿನ ಮೂತಿಗೆ ಎಮರಿ ಪೇಪರ್ ಎಳೆದು, ಪ್ಲೇಟನ್ನು ನಡುವಿಗೆ ಸರಿಯಾಗಿ ಹಿಡಿದು ಬಿಗಿದರು. ಗೇರ್‌ಬಾಕ್ಸಿನ ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ರಿವರ್ಸ್ ಗೇರಿನ ಹಲ್ಲಿನ ಅಂಚು ಕೊಂಚ ಮೊಂಡಾಗಿತ್ತು, ಮುರಿದಿರಲಿಲ್ಲ. ಆಯಿಲ್ಲನ್ನು ಬೆರಳಲ್ಲಿ ಉಜ್ಜಿದರು. ಚುಚ್ಚುವ ಚೂರು ಸಿಗಲಿಲ್ಲ. ಮುಚ್ಚಳ ಮುಚ್ಚಿದರು.

ಮತ್ತೆ ಜೋಡಿಸುವ ಹೊತ್ತಿಗೆ ನಡುರಾತ್ರಿ ಮೀರಿತ್ತು. ಉಸ್ತಾದ್ ಡ್ರೈವರನ್ನೇ ಹತ್ತಿಸಿದರು. ಅವನು ಕ್ಲಚ್ ಒತ್ತಿ ಎಣಿಸತೊಡಗಿದ. ‘ಐದಕ್ಕ ಹಾಕು’ ಎಂದರು. ಐದಕ್ಕೆ ಹಾಕಿದ. ಸದ್ದಿಲ್ಲದೆ ಗೇರು ಬಿತ್ತು, ಗಾಡಿ ಹಿಂದಕ್ಕೆ ಹೊರಟಿತು. ಸಸಿ ಬಲಿಯುವ ಮೊದಲೇ ನಮ್ಮ ನೆಲ್ಲು ಹಚ್ಚಿ ಮುಗಿಯಿತು.

ಈಗ ದೊಡ್ಡಪ್ಪನ ಮಗ ಹೊಸ ಗಾಡಿ ತಂದಿದ್ದಾನೆ. ಸ್ಟೇರಿಂಗಿನ ಎಡಕ್ಕೆ ಶಟಲ್ ಲಿವರು. ಮುಂದೆ ತಳ್ಳಿದರೆ ಮುಂದಕ್ಕೆ, ಹಿಂದೆ ಎಳೆದರೆ ಹಿಂದಕ್ಕೆ. ಒಳಗೆ ಹಿತ್ತಾಳೆಯ ಉಂಗುರಗಳು ಎರಡು ಕಡೆಯ ವೇಗವನ್ನು ಸರಿಹೊಂದಿಸಿ ಗೇರು ಕೂಡಿಸುತ್ತವೆ. ಲೋಡರ್ ಕಟ್ಟಿ ಮಣ್ಣು ಎತ್ತುವಾಗ ಹಿಂದಕ್ಕೆ ಎಳೆದರೆ ಕಿರ್ರ್ ಎನ್ನುತ್ತದೆ ಎಂದು ಹೋದ ಬೇಸಿಗೆಯಲ್ಲಿ ಉಸ್ತಾದರಿಗೆ ಫೋನ್ ಮಾಡಿದ. ಅವರಿಗೆ ಈಗ ವಯಸ್ಸಾಗಿದೆ, ಗಾಡಿಯ ಕೆಳಗೆ ತೂರುವುದಿಲ್ಲ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿದೆ.

‘ಗಾಡಿ ನಿಂತಾಗ ಕ್ಲಚ್ ಒತ್ತಿ ಹತ್ತು ಎಣಸಿ ಹಾಕಿದ್ರೂ ಸದ್ದು ಬರ್ತೈತೇನು?’

‘ಇಲ್ರಿ ಉಸ್ತಾದ್. ಗಡಬಡಿ ಮಾಡಿ ಎಳದ್ರ ಅಷ್ಟ.’

‘ಮುಂದಕ್ಕ ಹಾಕೂವಾಗ?’

‘ಬರಂಗಿಲ್ರಿ.’

‘ಹಂಗಾರ ಕ್ಲಚ್ ಚಲೋ ಐತಿ, ಬೇರಿಂಗೂ ಚಲೋ ಐತಿ. ಹಿಂದಿನ ಕಡೀ ಉಂಗರ ಸವದೈತಿ. ಗಾಡಿ ಇನ್ನೂ ಮುಂದಕ್ಕ ಉಳ್ಳೂವಾಗ ಹಿಂದಕ್ಕ ಎಳೀತೀರಿ, ಅದಕ್ಕ ಸವದೈತಿ. ಕೆಲಸ ಮುಗಿಲಿ, ಬಿಚ್ಚೂಣು. ಅಲ್ಲೀತನಕ ಚಕ್ರ ಪೂರಾ ನಿಂತಮ್ಯಾಲ ಲಿವರ್ ಎಳಿ.’